ಹಳೆಯ ಚಿನ್ನದ ವಾಚಿಗೆ ನ್ಯಾಯವಾದ ಬೆಲೆ ಎಷ್ಟು? ಲೆಕ್ಕ ಹಾಕುವುದು ಹೀಗೆ

[ತೆರೆಯ ಮೇಲೆ: ತಕ್ಕಡಿಯಲ್ಲಿ ಹಳೆಯ ಚಿನ್ನದ ಕೈಗಡಿಯಾರ, ಪಕ್ಕದಲ್ಲಿ ಭೂತಗನ್ನಡಿ]

ನಮಸ್ಕಾರ. ನಿಮ್ಮ ಹತ್ತಿರ ಒಂದು ಹಳೆಯ ಚಿನ್ನದ ವಾಚಿದೆ, ಮಾರಬೇಕು. ಅಥವಾ ಯಾರೋ ಮಾರುತ್ತಿದ್ದಾರೆ, ನಿಮಗೆ ಕೊಳ್ಳುವ ಆಸೆ. ಎರಡೂ ಕಡೆ ಪ್ರಶ್ನೆ ಒಂದೇ. ಎಷ್ಟು ಕೊಟ್ಟರೆ ಇಬ್ಬರಿಗೂ ಮೋಸವಾಗುವುದಿಲ್ಲ?

ಇಲ್ಲಿ ಎರಡು ಬೆಲೆಗಳು ಒಂದರ ಮೇಲೊಂದು ಕೂತಿವೆ. ಕೆಳಗಿರುವುದು ಚಿನ್ನದ ಬೆಲೆ. ಅದರ ಮೇಲಿರುವುದು ವಾಚಿನ ಬೆಲೆ. ಎರಡನ್ನೂ ಬೇರೆ ಬೇರೆಯಾಗಿ ಲೆಕ್ಕ ಹಾಕಬೇಕು. ಒಟ್ಟಿಗೆ ಅಂದಾಜು ಮಾಡಲು ಹೋದವರು ಸಾಮಾನ್ಯವಾಗಿ ಕಳೆದುಕೊಳ್ಳುತ್ತಾರೆ. ಅದರಲ್ಲೂ ಮಾರುವವರು ಜಾಸ್ತಿ ಕಳೆದುಕೊಳ್ಳುತ್ತಾರೆ.

[ತೆರೆಯ ಮೇಲೆ: ತೆರೆದ ಹಿಂಬದಿ ಮುಚ್ಚಳ, ಒಳಗಿನ ಮುದ್ರೆಗಳು ದೊಡ್ಡದಾಗಿ]

ಮೊದಲು ಚಿನ್ನ. ಅದು ನಿಜಕ್ಕೂ ಚಿನ್ನವೇ? ಉತ್ತರ ಬಹುತೇಕ ಹಿಂಬದಿ ಮುಚ್ಚಳದ ಒಳಭಾಗದಲ್ಲಿ ಇರುತ್ತದೆ. 750 ಅಂತ ಇದ್ದರೆ 18 ಕ್ಯಾರೆಟ್. ಅಂದರೆ ಸಾವಿರ ಪಾಲಿನಲ್ಲಿ 750 ಪಾಲು ಚಿನ್ನ. 585 ಇದ್ದರೆ 14 ಕ್ಯಾರೆಟ್. 375 ಇದ್ದರೆ 9 ಕ್ಯಾರೆಟ್, ಇದು ಬ್ರಿಟಿಷ್ ಕೇಸುಗಳಲ್ಲಿ, ಅಂದರೆ ವಾಚಿನ ಹೊರಕವಚಗಳಲ್ಲಿ, ತುಂಬಾ ಕಾಣುತ್ತದೆ. ಸೋವಿಯತ್ ಕಾಲದ ಚಿನ್ನದ ವಾಚುಗಳಲ್ಲಿ 583 ಅಂತ ಇರುತ್ತದೆ. ಅದೂ 14 ಕ್ಯಾರೆಟ್ ಲೆಕ್ಕವೇ.

ಅಂಕಿಯ ಪಕ್ಕದಲ್ಲಿ ಪುಟ್ಟ ಚಿತ್ರವೂ ಇರಬಹುದು. ಸ್ವಿಸ್ ಕೇಸುಗಳಲ್ಲಿ 18 ಕ್ಯಾರೆಟ್‌ಗೆ ಹೆಂಗಸಿನ ತಲೆ, ಅಂದರೆ ಸ್ವಿಟ್ಜರ್ಲೆಂಡಿನ ಸಂಕೇತವಾದ ಹೆಲ್ವೇಷಿಯಾ. 14 ಕ್ಯಾರೆಟ್‌ಗೆ ಅಳಿಲು. 1880ರ ದಶಕದಿಂದ ಬಂದ ಈ ಪದ್ಧತಿ 1995ರವರೆಗೆ ನಡೆಯಿತು. ಆಮೇಲೆ ಅವುಗಳ ಜಾಗಕ್ಕೆ ಸೇಂಟ್ ಬರ್ನಾರ್ಡ್ ನಾಯಿಯ ತಲೆ ಬಂತು. ಹಾಗಾಗಿ 1950ರ ದಶಕದ್ದು ಅಂತ ಹೇಳಿ ತೋರಿಸಿದ ಕೇಸಿನಲ್ಲಿ ನಾಯಿಯ ತಲೆ ಕಂಡರೆ, ಅಲ್ಲೇ ನಿಲ್ಲಿಸಿ ಪ್ರಶ್ನೆ ಕೇಳಿ.

ಈಗ ಹುಷಾರಾಗಿರಬೇಕಾದ ಪದಗಳು. ಗೋಲ್ಡ್ ಫಿಲ್ಡ್, ರೋಲ್ಡ್ ಗೋಲ್ಡ್, ಗೋಲ್ಡ್ ಕ್ಯಾಪ್ಡ್, ಪ್ಲಾಕೆ. ಇವು ಯಾವುವೂ ಇಡೀ ಚಿನ್ನದ ಕೇಸಲ್ಲ. ಬೇರೆ ಲೋಹದ ಮೇಲೆ ಚಿನ್ನದ ಪದರ ಅಷ್ಟೇ. '20 ಮೈಕ್ರಾನ್' ಅಂತ ಬರೆದಿದ್ದರೆ ಪದರದ ದಪ್ಪ ಒಂದು ಮಿಲಿಮೀಟರಿನ ಐವತ್ತನೇ ಒಂದು ಭಾಗ. ಸೋವಿಯತ್ ವಾಚುಗಳಲ್ಲಿ ಇದೇ ಮಾತು ಎಯು20 ಅಂತ ಇರುತ್ತದೆ. ಹಳೆಯ ಅಮೆರಿಕನ್ ಕೇಸುಗಳಲ್ಲಿ '20 ವರ್ಷ ಗ್ಯಾರಂಟಿ' ಅಂತ ಕೆತ್ತಿರುವುದನ್ನು ನೋಡಿ ಕೆಲವರು ಖುಷಿಪಡುತ್ತಾರೆ. ಅದು ಮೇಲಿನ ಪದರ ಸವೆಯದೆ ಉಳಿಯುವ ಅವಧಿಯ ಗ್ಯಾರಂಟಿ. ಪೂರ್ತಿ ಚಿನ್ನಕ್ಕೆ ಅಂಥ ಗ್ಯಾರಂಟಿ ಬೇಕಾಗಿಯೇ ಇರಲಿಲ್ಲ, ಅಲ್ವಾ?

ಮುದ್ರೆ ಸವೆದು ಓದಲಾಗದಿದ್ದರೆ ಪರೀಕ್ಷೆ ಮಾಡಿಸಬೇಕು. ಆಸಿಡ್ ಹಾಕಲು ಬಿಡಬೇಡಿ, ಕೇಸಿನ ಮೇಲೆ ಕಲೆ ಉಳಿಯುತ್ತದೆ. ಎಕ್ಸ್‌ರೇ ಯಂತ್ರ ಕೇಸಿಗೆ ಏನೂ ಮಾಡುವುದಿಲ್ಲ. ಆದರೆ ಅದು ಮೇಲ್ಪದರವನ್ನಷ್ಟೇ ಓದುತ್ತದೆ. ದಪ್ಪ ಪದರದ ಗೋಲ್ಡ್ ಫಿಲ್ಡ್ ಕೇಸು ಅದನ್ನು ಸುಲಭವಾಗಿ ಏಮಾರಿಸುತ್ತದೆ. ಆದ್ದರಿಂದ ಕೇಸಿನ ಅಂಚು, ಪಟ್ಟಿ ಸಿಕ್ಕಿಸುವ ಲಗ್‌ಗಳ ತುದಿ, ಕೀಲಿ ಗುಂಡಿಯ ಸುತ್ತ ಸವೆದ ಜಾಗ ನೋಡಿ. ಒಳಗಿನ ಬೇರೆ ಬಣ್ಣದ ಲೋಹ ಇಣುಕಿದರೆ ಅದು ಲೇಪನ.

[ತೆರೆಯ ಮೇಲೆ: ಬಿಡಿಸಿದ ವಾಚು. ಕೇಸು, ಮೂವ್‌ಮೆಂಟ್, ಗಾಜು ಬೇರೆ ಬೇರೆಯಾಗಿ]

ಇನ್ನು ತೂಕ. ಇಡೀ ವಾಚನ್ನು ತಕ್ಕಡಿಗೆ ಇಟ್ಟು 32 ಗ್ರಾಂ ಚಿನ್ನ ಅಂದುಕೊಳ್ಳುವ ಹಾಗಿಲ್ಲ. ಒಳಗಿನ ಯಂತ್ರ, ಗಾಜು, ಡಯಲ್, ಪಟ್ಟಿ, ಬಕಲ್, ಪಟ್ಟಿ ಹಿಡಿಯುವ ಸ್ಟೀಲ್ ಕಡ್ಡಿಗಳು, ಎಲ್ಲವೂ ಆ 32ರಲ್ಲಿವೆ. ಸರಿಯಾದ ದಾರಿ ಒಂದೇ. ವಾಚು ರಿಪೇರಿ ಬಲ್ಲವರಿಂದ ಮೂವ್‌ಮೆಂಟ್, ಅಂದರೆ ಒಳಗಿನ ಯಂತ್ರ, ತೆಗೆಸಿ, ಖಾಲಿ ಕೇಸನ್ನು ತೂಗಿಸಿ. ಕೆಲಸ ಬಲ್ಲವರಿಗೆ ಇದು ಕೆಲವೇ ನಿಮಿಷದ ಮಾತು.

ಖಾಲಿ ಕೇಸು 12 ಗ್ರಾಂ ಬಂತು, 18 ಕ್ಯಾರೆಟ್ ಅಂತ ಇಟ್ಟುಕೊಳ್ಳಿ. 12 ಗುಣಿಸು 0.75. ಅಂದರೆ 9 ಗ್ರಾಂ ಅಪ್ಪಟ ಚಿನ್ನ. ಅದೇ ತೂಕ 14 ಕ್ಯಾರೆಟ್ ಆಗಿದ್ದರೆ 7 ಗ್ರಾಂ ಚಿಲ್ಲರೆ. ಇದನ್ನು ಆ ದಿನದ ಅಪ್ಪಟ ಚಿನ್ನದ ದರಕ್ಕೆ ಗುಣಿಸಿ. ಅಂತರರಾಷ್ಟ್ರೀಯ ದರವನ್ನು ಔನ್ಸ್‌ನಲ್ಲಿ ಹೇಳುತ್ತಾರೆ. ಅದು ಟ್ರಾಯ್ ಔನ್ಸ್, 31.1 ಗ್ರಾಂ. ಅಡುಗೆಮನೆಯ ತಕ್ಕಡಿಯ ಔನ್ಸ್ 28.35 ಗ್ರಾಂ. ಎರಡನ್ನೂ ಕಲಸಿಬಿಟ್ಟರೆ ಲೆಕ್ಕ ಶೇಕಡಾ 10ರಷ್ಟು ತಪ್ಪುತ್ತದೆ.

ಬಂದ ಸಂಖ್ಯೆಯೇ ನಿಮ್ಮ ತಳದ ಬೆಲೆ. ಕರಗಿಸುವವರು ತಮ್ಮ ಖರ್ಚು ಮತ್ತು ಲಾಭ ಕಳೆದು ಸ್ವಲ್ಪ ಕಡಿಮೆಯೇ ಕೊಡುತ್ತಾರೆ.

ಚಿನ್ನದ ಪಟ್ಟಿ ಇದ್ದರೆ ಕಥೆ ಬದಲಾಗುತ್ತದೆ. ಪಟ್ಟಿಯ ಚಿನ್ನ ಕೇಸಿಗಿಂತ ಹಲವು ಪಟ್ಟು ಇರಬಹುದು. ಆದರೆ ಪಟ್ಟಿಯ ಮುದ್ರೆಯನ್ನು ಪ್ರತ್ಯೇಕವಾಗಿ ಓದಿ. 18 ಕ್ಯಾರೆಟ್ ಕೇಸಿಗೆ ಆಮೇಲೆ ಯಾರೋ ಲೇಪನದ ಪಟ್ಟಿ ಹಾಕಿರುವುದುಂಟು.

ಕಣ್ಣಿಗೆ ದೊಡ್ಡದಾಗಿ ಕಂಡದ್ದೆಲ್ಲ ಭಾರವೂ ಅಲ್ಲ. ಎರಡನೇ ಮಹಾಯುದ್ಧದ ನಂತರ ಡಯಲ್ ಮೇಲೆ ಬರೀ 'ಕ್ರೊನೊಗ್ರಾಫ್ ಸ್ವಿಸ್' ಅಂತ ಬರೆದ 18 ಕ್ಯಾರೆಟ್ ವಾಚುಗಳು ರಾಶಿ ರಾಶಿಯಾಗಿ ಬಂದವು. ಬಹಳಷ್ಟರ ಒಳಗೆ ಲ್ಯಾಂಡರಾನ್ ಅನ್ನುವ ಕಂಪನಿಯ ಮೂವ್‌ಮೆಂಟ್. ನೋಡಲು ಭರ್ಜರಿ. ಆದರೆ ಕೇಸು ತೆಳುವಾದ ತಗಡು, ಲಗ್‌ಗಳು ಒಳಗೆ ಟೊಳ್ಳು. ಫೋಟೋ ನೋಡಿ ತೂಕ ಊಹಿಸಿದವರು ಇಲ್ಲಿ ಮುಗ್ಗರಿಸುತ್ತಾರೆ.

[ತೆರೆಯ ಮೇಲೆ: ಎರಡು ಒಂದೇ ಮಾದರಿಯ ವಾಚುಗಳು, ಒಂದರ ಡಯಲ್ ಹೊಳೆಯುತ್ತಿದೆ, ಇನ್ನೊಂದು ಮಾಸಿದೆ]

ಈಗ ಮೇಲಿನ ಬೆಲೆಗೆ ಬರೋಣ. ನನಗೆ ಈ ವಿಷಯದಲ್ಲಿ ಅತಿ ಇಷ್ಟವಾದ ಭಾಗ ಇದು.

ಚಿನ್ನವೇ ಎಲ್ಲ ಅಂದುಕೊಂಡವರಿಗೆ ಒಂದು ಉದಾಹರಣೆ ಹೇಳಬೇಕು. ಸ್ವಿಸ್ ವಾಚು ಕಂಪನಿ ಪಾಟೆಕ್ ಫಿಲಿಪ್ 1941ರಲ್ಲಿ 1518 ಅನ್ನುವ ಮಾದರಿ ತಂದಿತು. ಒಟ್ಟು 281 ತಯಾರಾದವು. ಬಹುತೇಕ ಎಲ್ಲವೂ ಚಿನ್ನದ್ದು. ಸ್ಟೀಲ್ ಕೇಸಿನವು ನಾಲ್ಕು ಮಾತ್ರ ಗೊತ್ತಿವೆ. ಅವುಗಳಲ್ಲಿ ಒಂದು 2016ರಲ್ಲಿ ಜಿನೀವಾದ ಹರಾಜಿನಲ್ಲಿ 1.1 ಕೋಟಿ ಸ್ವಿಸ್ ಫ್ರಾಂಕ್‌ಗೆ ಹೋಯಿತು. ಅದೇ ಮಾದರಿಯ ಚಿನ್ನದ ವಾಚುಗಳು ಸಾಮಾನ್ಯವಾಗಿ ಅದಕ್ಕಿಂತ ಎಷ್ಟೋ ಕಡಿಮೆಗೆ ಹೋಗುತ್ತವೆ. ಜನ ಕೊಟ್ಟ ದುಡ್ಡು ಲೋಹಕ್ಕಲ್ಲ, ಅಪರೂಪಕ್ಕೆ.

ನಿಮ್ಮ ವಾಚು ಆ ಮಟ್ಟದ್ದಾಗಿರಬೇಕಿಲ್ಲ. ಆದರೆ ಪ್ರಶ್ನೆಗಳು ಅವೇ. ಯಾರು ಮಾಡಿದ್ದು? ಒಳಗೆ ಯಾವ ಮೂವ್‌ಮೆಂಟ್? ಎಷ್ಟು ಮೂಲದಂತೆ ಉಳಿದಿದೆ?

ಮೂರನೆಯದಕ್ಕೆ ಹೆಚ್ಚು ಸಮಯ ಕೊಡಿ. ಅದರಲ್ಲೂ ಡಯಲ್‌ಗೆ. 1952ರಲ್ಲಿ ಬಂದ ಒಮೆಗಾ ಕಾನ್‌ಸ್ಟೆಲೇಷನ್ ನೋಡಿ. ಹನ್ನೆರಡು ಮಡಿಕೆಯ ಮೂಲ ಡಯಲ್ ಇದ್ದರೆ ಸಂಗ್ರಹಕಾರರು ಚಿನ್ನದ ಬೆಲೆಗಿಂತ ಎಷ್ಟೋ ಮೇಲೆ ಕೊಡುತ್ತಾರೆ. ಅದೇ ವಾಚಿನ ಡಯಲ್ ಮೇಲೆ ಮತ್ತೆ ಬಣ್ಣ ಬಳಿಸಿ ಅಕ್ಷರ ಅಚ್ಚು ಹಾಕಿಸಿದ್ದರೆ ಬೆಲೆ ತಳದ ಕಡೆಗೆ ಜಾರುತ್ತದೆ. ಮಾಸಿದ ಮೂಲ ಡಯಲ್, ಹೊಳೆಯುವ ಹೊಸ ಡಯಲ್‌ಗಿಂತ ಬೆಲೆ ಬಾಳುತ್ತದೆ. ಮಾರುವ ಮೊದಲು ಸ್ವಲ್ಪ ಚೆಂದ ಮಾಡಿಸೋಣ ಅಂತ ಯೋಚಿಸುತ್ತಿದ್ದರೆ, ದಯವಿಟ್ಟು ಬೇಡ.

ಮತ್ತೆ ಬಳಿಸಿದ ಡಯಲ್ ಗುರುತಿಸಲು ಭೂತಗನ್ನಡಿ ಸಾಕು. ಅಕ್ಷರದ ಅಂಚು ಹರಡಿದೆಯೇ? ನಿಮಿಷದ ಗೆರೆಗಳು ಅಂಕಿಗಳಿಗೆ ಸರಿಯಾಗಿ ಕೂರುತ್ತಿಲ್ಲವೇ? ಆರರ ಕೆಳಗೆ ಇರಬೇಕಾದ 'ಸ್ವಿಸ್' ಪದವೇ ಮಾಯವಾಗಿದೆಯೇ? 1970ರ ದಶಕದ ಕೆಲವು ಡಯಲ್‌ಗಳಲ್ಲಿ ಆ ಪದದ ಎರಡೂ ಬದಿ ಗ್ರೀಕ್ ಅಕ್ಷರ ಸಿಗ್ಮಾ ಇರುತ್ತದೆ. ಡಯಲ್ ಮೇಲಿನ ಗುರುತುಗಳೂ ಚಿನ್ನದ್ದೇ ಅನ್ನುವ ಸೂಚನೆ ಅದು.

ಕೇಸಿನ ವಿಷಯದಲ್ಲಿ ಪಾಲಿಶ್ ದೊಡ್ಡ ಶತ್ರು. ಚಿನ್ನ ಮೆದು. ಪ್ರತಿ ಸಲ ಉಜ್ಜಿದಾಗಲೂ ಲಗ್‌ಗಳು ತೆಳ್ಳಗಾಗುತ್ತವೆ, ಚೂಪಾದ ಅಂಚು ದುಂಡಗಾಗುತ್ತದೆ, ಹೊರಗಿನ ಮುದ್ರೆ ಮಸುಕಾಗುತ್ತದೆ. ಮುದ್ರೆ ಸ್ಪಷ್ಟವಾಗಿ ಕಾಣುತ್ತಿದ್ದರೆ ಕೇಸು ಚೆನ್ನಾಗಿ ಉಳಿದಿದೆ ಅಂತ ನಂಬಬಹುದು. ಹಿಂಬದಿಯಲ್ಲಿ ಯಾರದೋ ಹೆಸರು, ನಿವೃತ್ತಿಯ ದಿನಾಂಕ ಕೆತ್ತಿದ್ದರೆ ಬೆಲೆ ಸ್ವಲ್ಪ ಇಳಿಯುತ್ತದೆ. ಅದನ್ನು ಉಜ್ಜಿ ಅಳಿಸಿದ್ದರೆ ಇನ್ನೂ ಜಾಸ್ತಿ ಇಳಿಯುತ್ತದೆ.

ಕೇಸು ಮತ್ತು ಮೂವ್‌ಮೆಂಟ್ ಹುಟ್ಟಿನಿಂದ ಜೊತೆಗಿವೆಯೇ ಅನ್ನುವುದನ್ನೂ ನೋಡಬೇಕು. ಕಾರಣ ಇದೆ. 1969ರ ಡಿಸೆಂಬರ್‌ನಲ್ಲಿ ಸೈಕೋ ಮೊದಲ ಕ್ವಾರ್ಟ್ಸ್, ಅಂದರೆ ಬ್ಯಾಟರಿಯಿಂದ ನಡೆಯುವ, ಕೈಗಡಿಯಾರ ಮಾರಾಟಕ್ಕೆ ಇಟ್ಟಿತು. ಅದಾದ ಕೆಲವೇ ವರ್ಷಗಳಲ್ಲಿ ಕೀಲಿ ಕೊಡುವ ವಾಚುಗಳನ್ನು ಕೇಳುವವರೇ ಕಡಿಮೆಯಾದರು. ಅತ್ತ 1980ರ ಜನವರಿಯಲ್ಲಿ ಚಿನ್ನದ ದರ ಅದುವರೆಗೆ ಕಾಣದ ಎತ್ತರಕ್ಕೆ ಹೋಯಿತು. ಎರಡೂ ಸೇರಿ ಎಷ್ಟೋ ಒಳ್ಳೆಯ ಕೇಸುಗಳು ಕುಲುಮೆಗೆ ಬಿದ್ದವು. ಮೂವ್‌ಮೆಂಟ್‌ಗಳು ಅನಾಥವಾಗಿ ಡಬ್ಬಿಗಳಲ್ಲಿ ಉಳಿದವು. ಅವುಗಳಲ್ಲಿ ಕೆಲವು ಬೇರೆ ಕೇಸುಗಳಿಗೆ ಸೇರಿ ಮಾರುಕಟ್ಟೆಗೆ ವಾಪಸ್ ಬಂದಿವೆ. ಪಾಟೆಕ್ ಫಿಲಿಪ್, ಲಾಂಜಿನ್ಸ್‌ನಂಥ ಕೆಲವು ಕಂಪನಿಗಳು ನಂಬರ್ ಕೊಟ್ಟರೆ ಹಳೆಯ ದಾಖಲೆ ತೆಗೆದು, ಆ ವಾಚು ಯಾವಾಗಿನದು ಅಂತ ತಿಳಿಸುತ್ತವೆ. ಬೆಲೆಬಾಳುವ ವಾಚಾಗಿದ್ದರೆ ಅದನ್ನು ಕೇಳಿ ತಿಳಿದುಕೊಳ್ಳಿ.

ಹೆಂಗಸರ ಪುಟ್ಟ ಚಿನ್ನದ ವಾಚುಗಳ ಬಗ್ಗೆ ಒಂದು ಬೇಸರದ ಮಾತು. ಕೆಲಸ ಎಷ್ಟೇ ನಾಜೂಕಾಗಿರಲಿ, ಕೇಳುವವರು ಕಡಿಮೆ. ಅವುಗಳ ಬೆಲೆ ಸಾಮಾನ್ಯವಾಗಿ ಚಿನ್ನದ ಬೆಲೆಯ ಆಸುಪಾಸಿನಲ್ಲೇ ನಿಲ್ಲುತ್ತದೆ. ಇದು ಸರಿಯಲ್ಲ ಅಂತ ನನಗೆ ಅನಿಸುತ್ತದೆ, ಆದರೆ ಇವತ್ತಿನ ಮಾರುಕಟ್ಟೆ ಹಾಗಿದೆ.

[ತೆರೆಯ ಮೇಲೆ: ಕಾಗದ, ಪೆನ್ನು, ನಾಲ್ಕು ಸಂಖ್ಯೆಗಳು: 150, 70, 80, 100]

ಈಗ ಎರಡು ಬೆಲೆಗಳನ್ನು ಸೇರಿಸೋಣ. ಅದೇ ಮಾದರಿಯ ವಾಚು ನಿಜವಾಗಿ ಎಷ್ಟಕ್ಕೆ ಮಾರಾಟವಾಯಿತು ಅಂತ ಹುಡುಕಿ. ಮಾರುವವರು ಕೇಳುತ್ತಿರುವ ಬೆಲೆಯನ್ನು ಲೆಕ್ಕಕ್ಕೆ ಹಿಡಿಯಬೇಡಿ. ಹರಾಜಿನ ಫಲಿತಾಂಶ ನೋಡುವಾಗ ಕೊಳ್ಳುವವರು ಕೊಟ್ಟ ಕಮಿಷನ್ ಸೇರಿದೆಯೇ ಅಂತ ಗಮನಿಸಿ. ದೊಡ್ಡ ಹರಾಜು ಸಂಸ್ಥೆಗಳು ಸಾಮಾನ್ಯವಾಗಿ ಸೇರಿಸಿಯೇ ಪ್ರಕಟಿಸುತ್ತವೆ. ಮಾರಿದವರ ಕೈಗೆ ಅಷ್ಟು ಸಿಕ್ಕಿರುವುದಿಲ್ಲ.

ಒಂದು ಉದಾಹರಣೆ, ಸಂಖ್ಯೆಗಳು ಲೆಕ್ಕ ತೋರಿಸಲು ಮಾತ್ರ. ಎರಡು ವರ್ಷದ ಹಿಂದೆ ಅಂಥದ್ದೇ ವಾಚು 150ಕ್ಕೆ ಹೋಗಿತ್ತು. ಆಗ ಅದರ ಚಿನ್ನದ ಬೆಲೆ 70. ಇವತ್ತು ಅದೇ ಚಿನ್ನ 100. ಹಾಗಾದರೆ ಇವತ್ತಿನ ಬೆಲೆ 214 ಅಂತ ಹೇಳುವವರು ಸಿಗುತ್ತಾರೆ. ಅವರು ಇಡೀ ಬೆಲೆಯನ್ನು ಚಿನ್ನದ ಜೊತೆ ಏರಿಸಿದ್ದಾರೆ. ಏರಿದ್ದು ಚಿನ್ನದ ಭಾಗ ಮಾತ್ರ. 150ರಲ್ಲಿ 70 ಕಳೆಯಿರಿ. 80 ಉಳಿಯಿತು, ಅದು ವಾಚಿನ ಪಾಲು. ಇವತ್ತಿನ ಚಿನ್ನ 100, ಅದಕ್ಕೆ 80 ಸೇರಿಸಿದರೆ 180. ಅದು ಅತಿ ಹೆಚ್ಚು ಅಂದರೆ ಬರುವ ಬೆಲೆ. ಚಿನ್ನ ತುಂಬಾ ಏರಿದಾಗ ಸಂಗ್ರಹಕಾರರ ಜೇಬು ಅಷ್ಟೇ ಹಿಗ್ಗುವುದಿಲ್ಲ. ಮೇಲಿನ ಪಾಲು ಆಗ ಕುಗ್ಗುತ್ತದೆ.

ನಿಮ್ಮ ವಾಚಿನ ಲಗ್‌ಗಳು ಸವೆದಿವೆ ಅನ್ನಿ. 80ರ ಪಾಲು 40ರಿಂದ 60ಕ್ಕೆ ಇಳಿಯಿತು. ವರ್ಷಗಟ್ಟಲೆ ಸರ್ವಿಸ್ ಆಗಿಲ್ಲ, ಅದಕ್ಕೆ 25 ಬೇಕು. 115ರಿಂದ 135, ಇದು ಇಬ್ಬರೂ ಒಪ್ಪಬಹುದಾದ ಬೆಲೆ. ಒಂದೇ ಸಂಖ್ಯೆ ಹೇಳಿ ಅಂತ ಒತ್ತಾಯ ಮಾಡಬೇಡಿ, ಹಳೆಯ ವಾಚಿಗೆ ಅಂಥ ಸಂಖ್ಯೆ ಇರುವುದಿಲ್ಲ.

ವ್ಯಾಪಾರಿ 100 ಹೇಳಿದರೆ ಮೋಸ ಅಂತ ಸಿಟ್ಟಾಗಬೇಡಿ. ಅವರು ಸರ್ವಿಸ್ ಮಾಡಿಸಿ, ಗ್ಯಾರಂಟಿ ಕೊಟ್ಟು, ಗಿರಾಕಿ ಬರುವ ತನಕ ಕಾಯಬೇಕು. ವಿಮೆಗಾಗಿ ಬರೆಸಿದ ಕಾಗದದಲ್ಲಿ 250 ಇದ್ದರೆ ಅದನ್ನೂ ನೆಚ್ಚಬೇಡಿ. ಅದು ವಾಚು ಕಳೆದುಹೋದರೆ ಅಂಗಡಿಯಿಂದ ಬದಲಿ ತರಲು ಬೇಕಾದ ದುಡ್ಡು. ನೀವು ಮಾರಿದರೆ ಸಿಗುವ ದುಡ್ಡಲ್ಲ.

ಎಲ್ಲ ಲೆಕ್ಕ ಮುಗಿದ ಮೇಲೂ ಕೆಲವು ವಾಚುಗಳು ತಳದ ಬೆಲೆಯಿಂದ ಮೇಲೇಳುವುದಿಲ್ಲ. ಹೆಸರಿಲ್ಲದ ಕಂಪನಿ, ಮತ್ತೆ ಬಳಿಸಿದ ಡಯಲ್, ಸವೆದ ಕೇಸು. ಅದನ್ನು ಚಿನ್ನದ ಬೆಲೆಗೇ ಕೊಡುವುದಾದರೂ ಮೂವ್‌ಮೆಂಟ್, ಮುಳ್ಳು, ಡಯಲ್ ಬಿಡಿಸಿ ನೀವೇ ಇಟ್ಟುಕೊಳ್ಳಿ. ವಾಚು ರಿಪೇರಿ ಮಾಡುವವರು ಬಿಡಿಭಾಗಕ್ಕಾಗಿ ಅವನ್ನು ದುಡ್ಡು ಕೊಟ್ಟು ಕೊಳ್ಳುತ್ತಾರೆ. ಕರಗಿಸುವವರ ಲೆಕ್ಕದಲ್ಲಿ ಅವಕ್ಕೆ ಬೆಲೆಯೇ ಇಲ್ಲ.