ಸಂತೃಪ್ತಿಯನ್ನೂ ತೂಗುವ ಕಾದಂಬರಿ: ‘ವ್ಯಾನಿಟಿ ಫೇರ್’ ಮತ್ತು ಅದರ ಓದುಗರು

ಸಹೃದಯ ಮಿತ್ರರೇ,

ಕೆಟ್ಟವರ ಕಥೆ ಹೇಳುವ ಕಾದಂಬರಿಗಳು ಬೇಕಾದಷ್ಟಿವೆ. ಕೆಟ್ಟವರಿಗೆ ಕೊನೆಯಲ್ಲಿ ಶಿಕ್ಷೆಯಾದುದನ್ನು ಕಂಡು ನಿರಾಳವಾಗಿ ಪುಸ್ತಕ ಮುಚ್ಚುವ ಓದುಗರೂ ಅಷ್ಟೇ ಇದ್ದಾರೆ. ವಿಲಿಯಂ ಮೇಕ್‌ಪೀಸ್ ಥ್ಯಾಕರೆಯ ‘ವ್ಯಾನಿಟಿ ಫೇರ್’ ಆ ನಿರಾಳತೆಯನ್ನು ಕೊಡುವುದಿಲ್ಲ. ಆದರೂ 1847ರ ಜನವರಿಯಿಂದ 1848ರ ಜುಲೈವರೆಗೆ ಲಂಡನ್ನಿನಲ್ಲಿ, ಲೇಖಕನೇ ಬರೆದ ಚಿತ್ರಗಳೊಂದಿಗೆ, ತಿಂಗಳ ಕಂತುಗಳಾಗಿ ಹೊರಬಂದ ಆ ಕೃತಿಯನ್ನು ಓದುಗರು ಇಂದಿಗೂ ಕೈಬಿಟ್ಟಿಲ್ಲ. ಈ ಮೆಚ್ಚುಗೆಯ ಮೂಲ ಯಾವುದು ಎಂಬುದೇ ಇಂದಿನ ನನ್ನ ವಿಷಯ. ನನಗೆ ತೋರುವ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ: ದುರ್ಗುಣವನ್ನೂ ಮಹತ್ವಾಕಾಂಕ್ಷೆಯನ್ನೂ ತೂಗಿದ ತಕ್ಕಡಿಯಲ್ಲಿಯೇ ಈ ಕಾದಂಬರಿ ಸಂತೃಪ್ತಿಯನ್ನೂ ಇಟ್ಟು ತೂಗುತ್ತದೆ, ಒಳ್ಳೆಯವರಿಗೆಂದು ಅಲ್ಲಿ ರಿಯಾಯಿತಿ ಇಲ್ಲ.

ಮಹತ್ವಾಕಾಂಕ್ಷೆಯಿಂದ ಆರಂಭಿಸೋಣ. ಬೆಕಿ ಶಾರ್ಪ್ ಬಡ ಚಿತ್ರಕಾರನೊಬ್ಬನ ಮಗಳು. ತಾಯಿ ಫ್ರೆಂಚ್ ನರ್ತಕಿ. ತಂದೆತಾಯಿಯನ್ನು ಕಳೆದುಕೊಂಡ ಆಕೆ ಚಿಸ್ವಿಕ್‌ನ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಫ್ರೆಂಚ್ ಕಲಿಸಿ ತನ್ನ ಅನ್ನ ಸಂಪಾದಿಸಿಕೊಂಡವಳು. ಶಾಲೆಯನ್ನು ಬಿಟ್ಟು ಹೊರಡುವಾಗ ಕೈಗಿತ್ತ ಜಾನ್ಸನ್ನನ ನಿಘಂಟನ್ನು ಆಕೆ ಗಾಡಿಯ ಕಿಟಕಿಯಿಂದ ಹೊರಗೆಸೆಯುವ ಗಳಿಗೆಯಲ್ಲೇ ಓದುಗ ಅವಳ ಪಕ್ಷ ಸೇರಿಬಿಡುತ್ತಾನೆ. ಸಿರಿವಂತರ ಹೆಣ್ಣುಮಕ್ಕಳಿಗೆ ಗಂಡು ಹುಡುಕಲು ತಾಯಂದಿರಿದ್ದಾರೆ. ಬೆಕಿಗೆ ಆ ಕೆಲಸವನ್ನು ತಾನೇ ಮಾಡಿಕೊಳ್ಳಬೇಕಾಗಿದೆ. ಇದನ್ನು ನಿರೂಪಕ ಸ್ಪಷ್ಟವಾಗಿಯೇ ಹೇಳುತ್ತಾನೆ. ಹೀಗಿರುವಾಗ, ಅದೇ ಗುರಿಗಾಗಿ ಅದೇ ದಾರಿಯಲ್ಲಿ ನಡೆದ ಒಬ್ಬಳನ್ನು ಸುಸಂಸ್ಕೃತೆಯೆಂದೂ ಇನ್ನೊಬ್ಬಳನ್ನು ಕುತಂತ್ರಿಯೆಂದೂ ಕರೆಯುವುದಕ್ಕೆ ನಮಗಿರುವ ಆಧಾರವೇನು?

ಮುಂದೊಂದು ಕಡೆ ಬೆಕಿ, ವರ್ಷಕ್ಕೆ 5000 ಪೌಂಡ್ ಆದಾಯವಿದ್ದರೆ ನಾನೂ ಒಳ್ಳೆಯ ಹೆಂಗಸಾಗಿರಬಲ್ಲೆ ಎಂದುಕೊಳ್ಳುತ್ತಾಳೆ. ನಿರೂಪಕ ಆ ಮಾತನ್ನು ತಳ್ಳಿಹಾಕದೆ, ಅದರಲ್ಲಿ ಸತ್ಯವಿದ್ದರೂ ಇರಬಹುದೆಂದು ಯೋಚಿಸುತ್ತಾನೆ. ಕಾದಂಬರಿ ಇನ್ನೂ ಕಂತುಗಳಲ್ಲಿ ಬರುತ್ತಿದ್ದಾಗಲೇ ವಿಮರ್ಶಕ ಜಾರ್ಜ್ ಹೆನ್ರಿ ಲೂಯಿಸ್ ಇದಕ್ಕೆ ಆಕ್ಷೇಪವೆತ್ತಿದ್ದ. ಸುಖವಾಗಿ ಗಾಡಿಯಲ್ಲಿ ಸಾಗುವವನು ಕಾಲ್ನಡಿಗೆಯ ಬಡವನನ್ನು ಕೀಳಾಗಿ ಕಾಣಲು ಹಿಂಜರಿಯಬೇಕು ಎಂಬ ಅರ್ಥದಲ್ಲಿ ಥ್ಯಾಕರೆ ಅವನಿಗೆ ಪತ್ರ ಬರೆದ. 1811ರಲ್ಲಿ ಕಲ್ಕತ್ತೆಯಲ್ಲಿ ಹುಟ್ಟಿದ ಥ್ಯಾಕರೆ ಪಿತ್ರಾರ್ಜಿತ ಹಣವನ್ನು ಜೂಜಿನಲ್ಲಿ ಸ್ವಲ್ಪ, ಅಲ್ಲಿನ ವ್ಯಾಪಾರ ಸಂಸ್ಥೆಗಳ ದಿವಾಳಿಯಲ್ಲಿ ಬಹಳಷ್ಟು ಕಳೆದುಕೊಂಡು, ಲೇಖನಿಯಿಂದಲೇ ಸಂಸಾರ ಸಾಗಿಸಬೇಕಾದವನು. ಹಣವಿದ್ದಾಗ ಮನುಷ್ಯ ಎಷ್ಟು ಸುಲಭವಾಗಿ ಸಜ್ಜನನಾಗುತ್ತಾನೆಂಬುದು ಅವನಿಗೆ ಓದಿ ತಿಳಿದ ಸಂಗತಿಯಾಗಿರಲಿಲ್ಲ.

ಆದರೆ ಬೆಕಿಯ ಮೇಲಿನ ನಮ್ಮ ಮೋಹವನ್ನು ಥ್ಯಾಕರೆ ಅಲ್ಲಿಗೇ ಬಿಡುವುದಿಲ್ಲ. ಬೆಕಿ ಮತ್ತು ಅವಳ ಗಂಡ ರಾಡನ್ ಕ್ರಾಲಿ ಯಾವ ವರಮಾನವೂ ಇಲ್ಲದೆ ಲಂಡನ್ನಿನ ಕರ್ಜನ್ ಬೀದಿಯಲ್ಲಿ ವೈಭವದಿಂದ ಬಾಳುತ್ತಾರೆ. ಅದು ಹೇಗೆ ಸಾಧ್ಯವಾಯಿತು ಎಂಬುದನ್ನು ಒಂದು ಅಧ್ಯಾಯವೇ ವಿವರಿಸುತ್ತದೆ. ಆ ಮನೆಯ ಒಡೆಯ ರ‍್ಯಾಗಲ್ಸ್, ಹಿಂದೆ ಕ್ರಾಲಿ ಕುಟುಂಬದ ಮುದುಕಿಯೊಬ್ಬಳ ಸೇವಕನಾಗಿದ್ದು, ಜೀವಮಾನದ ಉಳಿತಾಯದಿಂದ ಆಸ್ತಿ ಕೊಂಡವನು. ಬಾಡಿಗೆ ಬಾರದೆ, ಮನೆಗೆ ಒದಗಿಸಿದ ಸಾಮಾನಿನ ಹಣವೂ ಬಾರದೆ, ಅವನು ಹಾಳಾಗುತ್ತಾನೆ. ಅಲ್ಲಿಯವರೆಗೆ ಜಾಣತನವೆಂದು ಕಂಡದ್ದರ ಲೆಕ್ಕವನ್ನು ಯಾರು ತೆತ್ತರೆಂಬುದು ಆಗ ಗೊತ್ತಾಗುತ್ತದೆ. ಇದಕ್ಕಿಂತ ಗಾಢವಾದ ಇನ್ನೊಂದು ಪ್ರಸಂಗವಿದೆ. ತಾಯಿಯ ಹಾಡಿಗೆ ಮರುಳಾಗಿ ಮೆಟ್ಟಿಲಿಳಿದು ಬಂದು ಬಾಗಿಲ ಹೊರಗೆ ನಿಂತು ಕೇಳುತ್ತಿದ್ದ ಪುಟ್ಟ ಮಗನ ಕೆನ್ನೆಗೆ ಬೆಕಿ ಹೊಡೆಯುತ್ತಾಳೆ. ಅವಳ ಎಲ್ಲ ಮೋಸಗಳನ್ನೂ ಮನ್ನಿಸಿದ ಓದುಗ ಈ ಏಟನ್ನು ಮನ್ನಿಸಲಾರ. ಇತ್ತ ಜೂಜುಕೋರನೂ ಒರಟನೂ ಆದ ರಾಡನ್, ಅದೇ ಮಗನ ಮೇಲಿನ ಅಕ್ಕರೆಯಿಂದ ಮೆಲ್ಲಮೆಲ್ಲನೆ ಮನುಷ್ಯನಾಗುತ್ತಾನೆ. ದುರ್ಗುಣವೆಂಬುದು ವ್ಯಕ್ತಿಯೊಬ್ಬನ ಮೇಲೆ ಅಚ್ಚೊತ್ತಿದ ಶಾಶ್ವತ ಗುರುತೆಂದು ಈ ಕಾದಂಬರಿ ನಂಬುವುದಿಲ್ಲ.

ಕಂತುಗಳು ಇನ್ನೂ ಮುಗಿಯದಿರುವಾಗಲೇ ಷಾರ್ಲೆಟ್ ಬ್ರಾಂಟೆ ತನ್ನ ‘ಜೇನ್ ಐರ್’ನ ಎರಡನೆಯ ಆವೃತ್ತಿಯನ್ನು ಥ್ಯಾಕರೆಗೆ ಅರ್ಪಿಸಿ, ಮುನ್ನುಡಿಯಲ್ಲಿ ಅವನನ್ನು ಅರಸರಿಗೆ ಕಹಿಸತ್ಯ ನುಡಿದ ಪ್ರವಾದಿಗೆ ಹೋಲಿಸಿದಳು. ಆ ಗೌರವ ನ್ಯಾಯವಾದದ್ದೇ. ಆದರೆ ನನ್ನ ದೃಷ್ಟಿಯಲ್ಲಿ ಥ್ಯಾಕರೆಯ ಅತ್ಯಂತ ಧೀರ ಬರವಣಿಗೆ ಇರುವುದು ದೊಡ್ಡವರ ವಿಡಂಬನೆಯಲ್ಲಲ್ಲ, ಸಜ್ಜನನಾದ ವಿಲಿಯಂ ಡಾಬಿನ್‌ನ ಕಥೆಯಲ್ಲಿ.

ಡಾಬಿನ್ ಬೆಕಿಯ ಶಾಲಾ ಗೆಳತಿ ಅಮೀಲಿಯಾಳನ್ನು ಪ್ರೀತಿಸುತ್ತಾನೆ. ಅವಳು ಪ್ರೀತಿಸುವುದು ಜಾರ್ಜ್ ಆಸ್ಬರ್ನ್ ಎಂಬ ಜಂಬಗಾರನನ್ನು. ಡಾಬಿನ್ ತಾನೇ ಮುಂದೆ ನಿಂತು ಅವರ ಮದುವೆ ಮಾಡಿಸುತ್ತಾನೆ. ಜಾರ್ಜ್ ವಾಟರ್ಲೂ ಯುದ್ಧದಲ್ಲಿ ಗುಂಡು ತಗುಲಿ ಸಾಯುತ್ತಾನೆ. ಅಮೀಲಿಯಾ ಆ ನೆನಪನ್ನು ಪೂಜಿಸುತ್ತ ಕೂರುತ್ತಾಳೆ. ಅವಳ ತಂದೆ ದಿವಾಳಿಯೆದ್ದಾಗ ಹರಾಜಿಗೆ ಬಂದ ಪಿಯಾನೋವನ್ನು ಕೊಂಡು ಅವಳಿಗೆ ಕಳುಹಿಸಿದವನು ಡಾಬಿನ್. ಆದರೆ ವರ್ಷಗಟ್ಟಲೆ ಅವಳು ಅದನ್ನು ಜಾರ್ಜನ ಕೊಡುಗೆಯೆಂದೇ ನಂಬುತ್ತಾಳೆ. ಸುಮಾರು ಹದಿನೈದು ವರ್ಷ ಕಾದ ಮೇಲೆ ಒಂದು ದಿನ ಡಾಬಿನ್, ತಾನು ಕೊಟ್ಟ ಪ್ರೀತಿಗೆ ಆಕೆ ಯೋಗ್ಯಳಲ್ಲ ಎಂದು ಶಾಂತವಾಗಿ ಹೇಳಿ ಹೊರಟುಹೋಗುತ್ತಾನೆ. ಆ ಮಾತು ಕ್ರೌರ್ಯವೆನಿಸದೆ ಬಿಡುಗಡೆಯೆನಿಸುತ್ತದೆ. ತ್ಯಾಗವನ್ನು ಸ್ವೀಕರಿಸುತ್ತಲೇ ಹೋಗುವ ಸೌಮ್ಯತೆಯಲ್ಲೂ ಸ್ವಾರ್ಥವಿದೆಯೆಂದು ಅಷ್ಟು ಹೊತ್ತಿಗೆ ನಮಗೆ ಮನವರಿಕೆಯಾಗಿರುತ್ತದೆ.

ಇಲ್ಲಿ ಅಮೀಲಿಯಾಳ ಕಣ್ಣು ತೆರೆಸುವವಳು ಬೆಕಿ. ಬ್ರಸೆಲ್ಸ್‌ನ ನೃತ್ಯಕೂಟದಲ್ಲಿ, ಯುದ್ಧಕ್ಕೆ ಹೊರಡುವ ಮುನ್ನ, ತನ್ನೊಡನೆ ಓಡಿಬರುವಂತೆ ಜಾರ್ಜ್ ಬೆಕಿಗೆ ಹೂಗುಚ್ಛದಲ್ಲಿಟ್ಟು ಕೊಟ್ಟಿದ್ದ ಚೀಟಿಯನ್ನು ಅವಳು ತೆಗೆದು ತೋರಿಸುತ್ತಾಳೆ. ಕೆಟ್ಟವಳ ಕೈಯಿಂದ ನಡೆದ ಒಳ್ಳೆಯ ಕೆಲಸವೆಂದು ನಾವು ನಿರ್ಣಯಿಸುವಷ್ಟರಲ್ಲಿ, ಡಾಬಿನ್‌ನನ್ನು ಕರೆದು ಅಮೀಲಿಯಾ ಆ ಬೆಳಿಗ್ಗೆಯೇ ಪತ್ರ ಬರೆದಿದ್ದಳೆಂದು ತಿಳಿಯುತ್ತದೆ. ಇಬ್ಬರಲ್ಲಿ ಯಾರಿಗೆ ಎಷ್ಟು ಶ್ರೇಯಸ್ಸು ಸಲ್ಲಬೇಕೆಂಬುದನ್ನು ಥ್ಯಾಕರೆ ಓದುಗರ ವಿವೇಚನೆಗೆ ಬಿಡುತ್ತಾನೆ. ಓದುಗರನ್ನು ಇಷ್ಟು ನಂಬುವ ಲೇಖಕರು ವಿರಳ.

ಕೊನೆಗೆ ಡಾಬಿನ್ ಬಯಸಿದ್ದೆಲ್ಲ ಅವನಿಗೆ ದೊರೆಯುತ್ತದೆ. ಅವನು ಅಮೀಲಿಯಾಳನ್ನು ಮದುವೆಯಾಗುತ್ತಾನೆ, ಮಗಳು ಹುಟ್ಟುತ್ತಾಳೆ, ಪಂಜಾಬಿನ ಇತಿಹಾಸವನ್ನು ಬರೆಯುತ್ತ ಅವನು ಹಳ್ಳಿಯ ಮನೆಯಲ್ಲಿ ನೆಲೆಸುತ್ತಾನೆ. ಬೆಕಿಯೂ ಕೈಯಲ್ಲಿ ಹಣ ಬಂದ ಮೇಲೆ ಚರ್ಚಿಗೆ ಹೋಗುತ್ತ, ದಾನಧರ್ಮದ ಮೇಳಗಳಲ್ಲಿ ಮಳಿಗೆ ಇಟ್ಟುಕೊಂಡು ಕೂರುತ್ತಾಳೆ. ಅಂಥದೊಂದು ಮೇಳದಲ್ಲಿ ಎರಡು ಪಕ್ಷಗಳೂ ಎದುರುಬದುರಾಗುತ್ತವೆ. ಬೆಕಿ ವಿನಯದಿಂದ ಕಣ್ಣು ತಗ್ಗಿಸಿ ಮುಗುಳ್ನಗುತ್ತಾಳೆ. ಅಮೀಲಿಯಾ ಮಗನ ತೋಳು ಹಿಡಿದು ಸರಸರನೆ ಸರಿದುಹೋಗುತ್ತಾಳೆ. ಡಾಬಿನ್ ತನ್ನ ಪುಟ್ಟ ಮಗಳನ್ನು ಎತ್ತಿಕೊಳ್ಳುತ್ತಾನೆ. ಲೋಕದಲ್ಲಿ ಅವನಿಗೆ ಎಲ್ಲಕ್ಕಿಂತ ಪ್ರಿಯಳಾದವಳು ಆಕೆ. ನನಗಿಂತಲೂ ಪ್ರಿಯಳು ಎಂದು ಅಮೀಲಿಯಾ ನಿಟ್ಟುಸಿರಿನೊಂದಿಗೆ ಯೋಚಿಸುತ್ತಾಳೆ. ಆದರೂ ಅವನು ಅವಳಿಗೆ ಒಂದು ಒರಟು ಮಾತನ್ನೂ ಆಡಿದವನಲ್ಲ, ಅವಳ ಯಾವ ಇಷ್ಟವನ್ನೂ ಕಡೆಗಣಿಸಿದವನಲ್ಲ. ತಪ್ಪು ಯಾರದೂ ಇಲ್ಲದ, ದೂರಲು ಯಾವ ಕಾರಣವೂ ಸಿಗದ ಈ ಕೊರತೆಯನ್ನು ಓದಿದಾಗ, ಏಳುನೂರು ಪುಟ ಕಾದು ಕುಳಿತ ಓದುಗ ತನಗೆ ಬೇಕಾಗಿದ್ದ ಮದುವೆಯನ್ನು ಪಡೆದೂ ಅದನ್ನು ಪೂರ್ತಿ ಸಂಭ್ರಮಿಸಲಾರದೆ ಹೋಗುತ್ತಾನೆ.