ಮೊದಲು ನೆಲ ನೋಡಿ, ಆಮೇಲೆ ನಾಯಿ

ಎಲ್ಲರಿಗೂ ನಮಸ್ಕಾರ. ಹಿಂದೆ ಕೂತವರಿಗೆ ಕೇಳಿಸುತ್ತಿದೆಯಾ? ಸರಿ.

ಇಲ್ಲಿ ಬಂದಿರುವ ಬಹಳ ಜನರ ಮನೆಯಲ್ಲಿ ಈಗಾಗಲೇ ಕಾಲು ತೆಗೆದ ನಾಯಿ ಇದೆ. ಇನ್ನು ಕೆಲವರಿಗೆ ಆಪರೇಷನ್‌ಗೆ ದಿನ ಗೊತ್ತಾಗಿದೆ. ಹಾಗಾಗಿ ಕಾಲು ಯಾಕೆ ತೆಗೆಯುತ್ತಾರೆ ಅನ್ನುವುದನ್ನು ವಿವರಿಸಲು ಹೋಗುವುದಿಲ್ಲ. ಗಾಡಿ ಹೊಡೆದು ಮೂಳೆ ಪುಡಿಯಾಗಿರಬಹುದು, ಭುಜದ ಹತ್ತಿರ ನರಗಳೇ ಕಿತ್ತುಹೋಗಿ ಕಾಲು ಸುಮ್ನೆ ನೇತಾಡುತ್ತಿರಬಹುದು, ಮೂಳೆ ಕ್ಯಾನ್ಸರ್ ಇರಬಹುದು. ನಿಮ್ಮ ಕಥೆ ನಿಮಗೆ ಗೊತ್ತು. ರಾತ್ರಿ ಮಲಗಿದಾಗ ತಲೆಯಲ್ಲಿ ಓಡುವ ಪ್ರಶ್ನೆಯೂ ಒಂದೇ. ‘ನಾವು ಮಾಡ್ತಿರೋದು ಸರಿಯಾ?’

ಅದಕ್ಕೆ ಒಂದು ಲೆಕ್ಕ ಹೇಳಿ ಮುಂದೆ ಹೋಗುತ್ತೇನೆ. 2015ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಕಾಲು ತೆಗೆಸಿದ 64 ನಾಯಿಗಳ ಮನೆಯವರನ್ನು ಮಾತಾಡಿಸಿದ್ದರು. 58 ಜನ ನಮ್ಮ ನಾಯಿಯ ಸ್ವಭಾವ ಏನೂ ಬದಲಾಗಿಲ್ಲ ಅಂದರು. ಮತ್ತೆ ಇಂಥ ಸಂದರ್ಭ ಬಂದರೂ ಇದನ್ನೇ ಮಾಡುತ್ತೇವೆ ಅಂದವರು 55. ಮಾಡುವುದಿಲ್ಲ ಅಂದವರು ನಾಲ್ಕೇ ಜನ. ಇನ್ನೊಂದು ಮಾತು. ಎಷ್ಟೋ ನಾಯಿಗಳು ಆಪರೇಷನ್‌ಗೆ ಮುಂಚೆಯೇ ಆ ಕಾಲನ್ನು ಊರುವುದು ಬಿಟ್ಟಿರುತ್ತವೆ. ವಾರಗಟ್ಟಲೆ ಮೂರೇ ಕಾಲಲ್ಲಿ ಓಡಾಡಿರುತ್ತವೆ. ಅವುಗಳಿಗೆ ಡಾಕ್ಟರು ತೆಗೆಯುವುದು ನೋವನ್ನು. ಆರೋಗ್ಯವಾಗಿದ್ದು ಇದ್ದಕ್ಕಿದ್ದಂತೆ ಅಪಘಾತವಾದ ನಾಯಿಗೆ ಹೊಸ ಲೆಕ್ಕ ಕಲಿಯಲು ಸ್ವಲ್ಪ ಜಾಸ್ತಿ ದಿನ ಬೇಕು, ಅಷ್ಟೇ ವ್ಯತ್ಯಾಸ.

ಈಗ ನಾನು ಹೇಳಬೇಕೆಂದೇ ಬಂದಿರುವ ಮಾತು. ನಾಯಿ ಆಸ್ಪತ್ರೆಯಿಂದ ಮನೆಗೆ ಬರುವ ಹಿಂದಿನ ದಿನ ನಿಮ್ಮ ಮನೆಯ ನೆಲ ನೋಡಿ. ಹಾಸಿಗೆ ಆಮೇಲೆ, ಆಟಿಕೆ ಆಮೇಲೆ. ಮೊದಲು ನೆಲ.

ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಅಂದರೆ, ಒಬ್ಬರು ಮೇಷ್ಟ್ರು ಇದ್ದರು. ಕೆಲಸದಿಂದ ನಿವೃತ್ತರಾದವರು, ಗಣಿತ ಹೇಳಿಕೊಡುತ್ತಿದ್ದವರು. ಅವರ ಹತ್ತಿರ ಕರಿಯ ಅಂತ ಒಂದು ದೊಡ್ಡ ಕಪ್ಪು ನಾಯಿ. ಎಡ ಹಿಂಗಾಲು ತೆಗೆದಿದ್ದೆವು. ಆಪರೇಷನ್ ಆದ ಮರುದಿನವೇ ಅವನು ಎದ್ದು ನಿಂತ. ಬಾಗಿಲ ತನಕ ಕುಪ್ಪಳಿಸಿ ಹೋಗಿ, ಯಾರ ಕೈಯಲ್ಲಿ ಡಬ್ಬಿ ಇದೆ ಅಂತ ನೋಡಿ, ಅವರ ಹಿಂದೆಯೇ ಸುತ್ತಿದ. ನಮಗೆಲ್ಲ ಖುಷಿ. ಮನೆಗೆ ಕಳಿಸಿದೆವು. ಒಂದೆರಡು ದಿನ ಬಿಟ್ಟು ಮೇಷ್ಟ್ರ ಫೋನ್ ಬಂತು. ‘ಡಾಕ್ಟ್ರೇ, ಇವನು ಬದುಕೋ ಆಸೆನೇ ಬಿಟ್ಟಿದಾನೆ. ಏಳೋದೇ ಇಲ್ಲ. ನಮ್ಮ ಮುಖ ಕೂಡ ನೋಡಲ್ಲ. ತಪ್ಪು ಮಾಡಿಬಿಟ್ವಾ?’ ಧ್ವನಿ ನಡುಗುತ್ತಿತ್ತು. ಜ್ವರ ಇದೆಯಾ ಕೇಳಿದೆ, ಇಲ್ಲ. ಗಾಯ? ಚೆನ್ನಾಗಿದೆ. ಊಟ? ಬಾಯಿಗೆ ಹಿಡಿದರೆ ತಿನ್ನುತ್ತಾನೆ. ಮಾತ್ರೆ ಹೊತ್ತಿಗೆ ಸರಿಯಾಗಿ ಕೊಡುತ್ತಿದ್ದರು, ಅದರಲ್ಲಿ ಮೇಷ್ಟ್ರದ್ದು ಗಡಿಯಾರದಂಥ ಶಿಸ್ತು. ನಾನೇ ಮನೆಗೆ ಹೋದೆ.

ಬಾಗಿಲು ತೆಗೆದರೆ ಹಾಲ್ ತುಂಬಾ ಟೈಲ್ಸ್, ಮುಖ ಕಾಣುವಷ್ಟು ಹೊಳಪು. ಸೋಂಕು ಆಗಬಾರದು ಅಂತ ದಿನಕ್ಕೆರಡು ಸಲ ಒರೆಸುತ್ತಿದ್ದರಂತೆ. ಮೂಲೆಯಲ್ಲಿ ಮಡಿಸಿದ ಕಂಬಳಿಯ ಮೇಲೆ ಕರಿಯ. ಕರೆದೆ. ಬಾಲ ಆಡಿಸಿದ. ಮುಂಗಾಲು ಎರಡನ್ನೂ ಕಂಬಳಿಯ ಅಂಚಿಗೆ ತಂದ, ಒಂದು ಪಾದ ಟೈಲ್ಸ್ ಮೇಲೆ ಇಟ್ಟ. ಬೆರಳುಗಳು ಅಗಲವಾದವು. ಉಗುರು ಊರಲು ನೋಡಿದ, ಕಿರ್ ಅಂತ ಸದ್ದಾಯಿತು, ಪಾದ ಜಾರಿತು. ಪಾದ ಹಿಂದಕ್ಕೆ ಎಳೆದುಕೊಂಡ, ಮುಖ ಗೋಡೆ ಕಡೆ ತಿರುಗಿಸಿದ. ಮೇಷ್ಟ್ರು ‘ನೋಡಿದ್ರಾ, ಬೇಜಾರು ಮಾಡ್ಕೊಂಡಿದಾನೆ’ ಅಂದರು. ನಾನು ‘ಮೇಷ್ಟ್ರೇ, ಮನೆಯಲ್ಲಿ ಯೋಗ ಮಾಡೋ ಮ್ಯಾಟ್ ಇದೆಯಾ?’ ಅಂತ ಕೇಳಿದೆ. ಮಗಳ ಕೋಣೆಯಿಂದ ಒಂದು ಬಂತು. ಬಾಗಿಲ ಹತ್ತಿರದ್ದು ಒಂದು, ಅಡುಗೆಮನೆಯಿಂದ ರಬ್ಬರ್ ತಳದ್ದು ಇನ್ನೊಂದು. ಕಂಬಳಿಯಿಂದ ಹೊರಬಾಗಿಲಿಗೆ ಸಾಲಾಗಿ ಹಾಸಿದೆವು. ಕರಿಯ ಎದ್ದ. ನಡೆದ. ಎರಡನೆಯ ಮ್ಯಾಟ್ ಮುಗಿದ ಕಡೆ ಒಂದು ಅಡಿಯಷ್ಟು ಟೈಲ್ಸ್ ಖಾಲಿ ಉಳಿದಿತ್ತು, ಅಲ್ಲಿ ಗಕ್ಕನೆ ನಿಂತ. ಮೂಸಿ ನೋಡಿದ, ನಮ್ಮನ್ನು ನೋಡಿದ. ಮೇಷ್ಟ್ರು ಮ್ಯಾಟ್ ಎಳೆದು ಆ ಸಂದು ಮುಚ್ಚಿದ ತಕ್ಷಣ ದಾಟಿಕೊಂಡು ಸೀದಾ ಅಂಗಳಕ್ಕೆ ಹೋದ. ಮಣ್ಣು ಸಿಕ್ಕಿದ ಮೇಲೆ ಕೇಳಬೇಕಾ, ಗೇಟಿನ ತನಕ ಓಟ. ಹಿಂದೆ ಮೇಷ್ಟ್ರು ‘ಲೋ ನಿಧಾನ, ನಿಧಾನ’ ಅಂತ ಓಟ!

ಇದನ್ನು ನಾನು ಎಲ್ಲಿ ಹೋದರೂ ಹೇಳುತ್ತೇನೆ. ಆ ನಾಯಿಗೆ ಖಿನ್ನತೆ ಇರಲಿಲ್ಲ. ಅದಕ್ಕೆ ಹಿಡಿತ ಸಿಗುತ್ತಿರಲಿಲ್ಲ.

ಒಳಗಿನ ಲೆಕ್ಕ ಹೀಗಿದೆ. ನಿಂತ ನಾಯಿಯ ಭಾರದಲ್ಲಿ ಸುಮಾರು ಶೇ 60ರಷ್ಟು ಮುಂಗಾಲುಗಳ ಮೇಲೆ, ಶೇ 40ರಷ್ಟು ಹಿಂಗಾಲುಗಳ ಮೇಲೆ ಬೀಳುತ್ತದೆ. ಹಿಂಗಾಲು ಹೋದರೆ ಉಳಿದ ಹಿಂಗಾಲನ್ನು ನಾಯಿ ದೇಹದ ನಡುವಿಗೆ ತಂದು ಊರುತ್ತದೆ. ಮುಂಗಾಲು ಹೋದರೆ ಕಷ್ಟ ಸ್ವಲ್ಪ ಜಾಸ್ತಿ, ಯಾಕೆಂದರೆ ತಲೆ, ಕತ್ತು, ಎದೆ ಎಲ್ಲದರ ಭಾರ ಒಂದೇ ಕಾಲಿಗೆ. ಹೆಜ್ಜೆ ಹೆಜ್ಜೆಗೂ ತಲೆ ಎತ್ತಿ ಇಳಿಸಿ ಕುಪ್ಪಳಿಸಬೇಕು. ಯಾವ ಕಾಲು ಹೋದರೂ ಸರಿ, ಆ ಬದಿಗೆ ವಾಲಿದಾಗ ತಡೆಯಲು ಈಗ ಏನೂ ಇಲ್ಲ. ನಾಲ್ಕು ಕಾಲಿನ ನಾಯಿ ಜಾರಿದರೆ ಇನ್ನೊಂದು ಕಾಲು ಕೊಟ್ಟು ಸಾವರಿಸಿಕೊಳ್ಳುತ್ತದೆ. ಇದು ಜಾರಿದರೆ ಬೀಳುತ್ತದೆ, ಅದೂ ಹೊಲಿಗೆ ಇರುವ ಬದಿಗೇ. ಒಂದು ಸಲ ಹಾಗೆ ಬಿದ್ದ ನಾಯಿ ಮರುದಿನ ಎದ್ದೇಳಲು ಯೋಚನೆ ಮಾಡುತ್ತದೆ. ನಾವು ಅದಕ್ಕೆ ‘ಮಂಕಾಗಿದೆ’ ಅಂತ ಹೆಸರಿಡುತ್ತೇವೆ.

ಹಾಗಾಗಿ ಮಲಗುವ ಜಾಗದಿಂದ ನೀರಿಗೆ, ಊಟಕ್ಕೆ, ಹೊರಬಾಗಿಲಿಗೆ ಮ್ಯಾಟ್ ಸಾಲು ಹಾಸಿ. ಮಧ್ಯೆ ಸಂದು ಬೇಡ. ತಳ ಜಾರದಂಥದ್ದೇ ಬೇಕು, ಬರೀ ಬಟ್ಟೆ ಹಾಸಿದರೆ ನಾಯಿ ಬಟ್ಟೆ ಸಮೇತ ಜಾರುತ್ತದೆ. ಉಗುರು ಉದ್ದ ಬೆಳೆದಿದ್ದರೆ ಪಾದ ಪೂರ್ತಿ ಊರುವುದಿಲ್ಲ, ಕತ್ತರಿಸಿ. ಅಂಗಾಲಿನ ಮೆತ್ತೆಗಳ ನಡುವೆ ಕೂದಲು ಬೆಳೆದಿದ್ದರೆ ಅದನ್ನೂ ತೆಗೆಯಿರಿ. ಟೈಲ್ಸ್ ಮೇಲೆ ಆ ಕೂದಲೇ ದೊಡ್ಡ ಶತ್ರು.

ಈಗ ಮೊದಲ ಎರಡು ವಾರ. ನೋವಿನ ಮಾತ್ರೆಯನ್ನು ಗಡಿಯಾರ ನೋಡಿ ಕೊಡಿ. ನಾಯಿ ಅಳುವ ತನಕ ಕಾಯಬೇಡಿ. ನೋವಿದ್ದರೆ ಎಲ್ಲ ನಾಯಿಗಳೂ ಕುಂಯ್ ಅನ್ನುವುದಿಲ್ಲ. ಸುಮ್ನೆ ಕೂತಲ್ಲೇ ಏದುಸಿರು ಬಿಡುತ್ತದೆ, ನಡುಗುತ್ತದೆ, ಮಲಗಲು ಹೋಗಿ ಮತ್ತೆ ಏಳುತ್ತದೆ, ಊಟ ಬಿಡುತ್ತದೆ. ಇವೆಲ್ಲ ನೋವೇ ಇರಬಹುದು, ಫೋನ್ ಮಾಡಿ. ಇನ್ನೊಂದನ್ನು ಕೈಮುಗಿದು ಕೇಳುತ್ತೇನೆ. ನಿಮ್ಮ ಮನೆಯಲ್ಲಿರುವ ಮನುಷ್ಯರ ನೋವಿನ ಮಾತ್ರೆ ಕೊಡಲೇಬೇಡಿ. ಐಬುಪ್ರೊಫೇನ್ ನಾಯಿಯ ಹೊಟ್ಟೆ, ಕಿಡ್ನಿ ಎರಡನ್ನೂ ಹಾಳು ಮಾಡುತ್ತದೆ. ಪ್ಯಾರಾಸಿಟಮಾಲ್ ಕೂಡ ನಿಮ್ಮ ಅಂದಾಜಿನಲ್ಲಿ ಕೊಡುವ ವಸ್ತು ಅಲ್ಲ.

ಗಾಯದ ಸುತ್ತ ನೇರಳೆ ಬಣ್ಣಕ್ಕೆ ಕಂದಿರುತ್ತದೆ, ಹೆದರಬೇಡಿ. ಆ ಕಂದಿದ್ದು ದಿನ ಕಳೆದಂತೆ ಕೆಳಗಿಳಿದು ಹೊಟ್ಟೆಯ ಕಡೆಗೂ ಕಾಣಬಹುದು. ಹೊಲಿಗೆಯ ಕೆಳಭಾಗದಲ್ಲಿ ನೀರು ತುಂಬಿ ಮೆತ್ತಗೆ ಊದುವುದೂ ಉಂಟು, ಡಾಕ್ಟರಿಗೆ ತೋರಿಸಿ, ನೀವೇ ಚುಚ್ಚಲು ಹೋಗಬೇಡಿ. ಬಿಸಿ, ಕೆಂಪು, ಕೀವು, ವಾಸನೆ, ಹೊಲಿಗೆ ಬಿಟ್ಟುಕೊಂಡಿರುವುದು, ಇಂಥದ್ದು ಕಂಡರೆ ಅದೇ ದಿನ ಹೊರಡಿ. ಹೊಲಿಗೆ ಬಿಚ್ಚುವುದು ಸಾಮಾನ್ಯವಾಗಿ 10ರಿಂದ 14 ದಿನಕ್ಕೆ, ಅಲ್ಲಿಯ ತನಕ ಕುತ್ತಿಗೆಗೆ ಕೋನ್, ಅಂದರೆ ಬಾಯಿ ಗಾಯಕ್ಕೆ ಮುಟ್ಟದಂತೆ ತಲೆಯ ಸುತ್ತ ಹಾಕುವ ಅಗಲ ಬಾಯಿಯ ಪಟ್ಟಿ, ಇರಲೇಬೇಕು. ಅದು ಹಾಕಿಕೊಂಡು ಬಾಗಿಲಿಗೆ ಗುದ್ದುವುದನ್ನು ನೋಡಿ ನಿಮಗೆ ಅಯ್ಯೋ ಅನಿಸುತ್ತದೆ. ಅನಿಸಲಿ, ತೆಗೆಯಬೇಡಿ. ಹೊಲಿಗೆ ನೆಕ್ಕಿ ಬಿಚ್ಚಲು ನಾಯಿಗೆ ಐದು ನಿಮಿಷ ಸಾಕು.

ಮಲ ಮೂರು ನಾಲ್ಕು ದಿನ ಆಗದೇ ಇರಬಹುದು, ನೋವಿನ ಔಷಧಿ ಮತ್ತು ಅರಿವಳಿಕೆಯ ಪರಿಣಾಮ ಅದು. ಮೂತ್ರ ಮಾತ್ರ ಒಂದು ದಿನದೊಳಗೆ ಆಗಬೇಕು. ಗಂಡು ನಾಯಿಗಳದ್ದು ಇಲ್ಲಿ ಒಂದು ತಮಾಷೆ ಇದೆ. ಹಿಂಗಾಲು ಹೋಗಿದ್ದರೂ ಕಂಬ ಕಂಡ ಕೂಡಲೇ ಅಭ್ಯಾಸಬಲದಿಂದ ಉಳಿದ ಒಂದೇ ಹಿಂಗಾಲನ್ನೂ ಎತ್ತಲು ನೋಡುತ್ತವೆ. ಕೆಲವು ಎತ್ತಿಯೂ ಬಿಡುತ್ತವೆ! ಮುಂಗಾಲೆರಡರ ಮೇಲೆ ನಿಂತು ಕೆಲಸ ಮುಗಿಸುವ ಮಹಾಶಯರನ್ನು ನಾನೇ ನೋಡಿದ್ದೇನೆ. ಮೊದಮೊದಲು ಬೀಳದಂತೆ ಪಕ್ಕದಲ್ಲಿ ನಿಂತಿರಿ.

ಗಾಯ ಮಾಯ್ದ ಮೇಲೂ ಒಂದೊಂದು ನಾಯಿ ಸುಮ್ನೆ ಮಲಗಿದ್ದದ್ದು ಬೆಚ್ಚಿ ಕಿರುಚಿ, ಕಾಲಿದ್ದ ಜಾಗದ ಕಡೆ ತಿರುಗಿ ನೋಡುತ್ತದೆ. ಇಲ್ಲದ ಕಾಲು ನೋಯುವುದು ಮನುಷ್ಯರಲ್ಲಿ ಚೆನ್ನಾಗಿ ಗೊತ್ತಿರುವ ಸಂಗತಿ, ನಾಯಿಗಳಿಗೂ ಆಗುತ್ತದೆ ಅಂತಲೇ ನಾವು ನೋಡಿಕೊಳ್ಳುತ್ತೇವೆ. ಅದಕ್ಕೆ ನರದ ನೋವಿನ ಔಷಧಿ ಬೇರೆ ಇದೆ, ಗ್ಯಾಬಪೆಂಟಿನ್ ಥರದ್ದು. ಸಾಧ್ಯವಾದರೆ ಮೊಬೈಲಲ್ಲಿ ವಿಡಿಯೋ ಮಾಡಿ ಡಾಕ್ಟರಿಗೆ ತೋರಿಸಿ. ಆಸ್ಪತ್ರೆಗೆ ಬಂದಾಗ ನಾಯಿ ಹಾಗೆ ಮಾಡುವುದೇ ಇಲ್ಲ, ಅಲ್ವಾ?

ಎತ್ತಿಕೊಳ್ಳುವ ವಿಷಯ. ಮೇಷ್ಟ್ರು ಕರಿಯನನ್ನು ಎತ್ತಿಕೊಂಡೇ ಹೊರಗೆ ಹೋಗುತ್ತಿದ್ದರು, ಅವರ ಸೊಂಟ ಹಿಡಿದುಕೊಂಡಿತ್ತು. ದಯವಿಟ್ಟು ಎತ್ತಬೇಡಿ. ನಡೆಯಲು ಕಲಿಯುವುದು ನಡೆಯುವುದರಿಂದ ಮಾತ್ರ. ಹಿಂಗಾಲು ಹೋಗಿದ್ದರೆ ಹೊಟ್ಟೆಯ ಕೆಳಗೆ ಟವೆಲ್ ಹಾಕಿ ಹಿಡಿಯಿರಿ, ಮುಂಗಾಲು ಹೋಗಿದ್ದರೆ ಬೆನ್ನ ಮೇಲೆ ಹಿಡಿಕೆ ಇರುವ ಎದೆಪಟ್ಟಿ. ಹಿಡಿಯುವುದು ಬೀಳದಿರಲಿ ಅಂತ ಮಾತ್ರ, ಭಾರ ಅದರ ಕಾಲಿನ ಮೇಲೇ ಇರಲಿ. ನೆಲ ಸರಿ ಇದ್ದರೆ ಕೆಲವೇ ದಿನಗಳಲ್ಲಿ ಟವೆಲ್ ಬೇಡವಾಗುತ್ತದೆ. ನೋಡಿ, ಮತ್ತೆ ನೆಲಕ್ಕೇ ಬಂದೆ.

ಮೂರು ಕಾಲಿಗೆ ಓಡುವುದಕ್ಕಿಂತ ನಿಧಾನವಾಗಿ ನಡೆಯುವುದು ಕಷ್ಟ. ಹಗ್ಗ ಹಿಡಿದು ಹೆಜ್ಜೆ ಹೆಜ್ಜೆಗೂ ತಡೆದರೆ ಅದಕ್ಕೆ ಇನ್ನೂ ಸುಸ್ತು. ಅದರದ್ದೇ ವೇಗಕ್ಕೆ ಬಿಡಿ, ಆದರೆ ದೂರ ಕಡಿಮೆ ಇರಲಿ. ಐದೈದು ನಿಮಿಷದ ನಾಲ್ಕು ಸುತ್ತು, ಒಂದೇ ಸಲದ ಇಪ್ಪತ್ತು ನಿಮಿಷಕ್ಕಿಂತ ಒಳ್ಳೆಯದು. ಮಧ್ಯೆ ಕೂತರೆ ನೀವೂ ಕೂತುಕೊಳ್ಳಿ.

ಸಮಯ ಆಯಿತು ಅಂತ ಚೀಟಿ ಬಂದಿದೆ. ಉಳಿದದ್ದನ್ನು ಬೇಗ ಬೇಗ ಹೇಳುತ್ತೇನೆ.

ತೂಕ. ಆಗ ಹೇಳಿದ ಅಧ್ಯಯನದಲ್ಲೇ, ಆಪರೇಷನ್ ಹೊತ್ತಿಗೆ ಮೈ ಜಾಸ್ತಿ ಬಂದಿದ್ದ ನಾಯಿಗಳು ಆಮೇಲೆ ಅಷ್ಟು ಸುಖವಾಗಿರಲಿಲ್ಲ ಅಂತ ಕಂಡುಬಂತು. ಕೈಯಾಡಿಸಿದರೆ ಪಕ್ಕೆಲುಬು ಸಿಗಬೇಕು. ಪಾಪ ಅಂತ ಕೊಡುವ ಒಂದೊಂದು ತುಣುಕನ್ನೂ ಆ ಮೂರು ಕಾಲು ಹೊರಬೇಕು. ಪ್ರೀತಿ ತೋರಿಸಬೇಕಾ? ಇನ್ನೊಂದು ಮ್ಯಾಟ್ ತನ್ನಿ.

ಮುಂಗಾಲು ಹೋದ ನಾಯಿಗೆ ಊಟದ ಬಟ್ಟಲು ಎದೆಯ ಎತ್ತರಕ್ಕೆ ಇಡಿ. ಸೋಫಾ, ಕಾರಿನಿಂದ ಕೆಳಗೆ ಧುಮುಕಲು ಬಿಡಬೇಡಿ, ಪೂರ್ತಿ ಪೆಟ್ಟು ಆ ಒಂದೇ ಕಾಲಿಗೆ. ಇಳಿಜಾರು ಹಲಗೆ ಇಡಿ, ಹಲಗೆಯೂ ಜಾರಬಾರದು. ಮನೆಯಲ್ಲಿ ಇನ್ನೊಂದು ನಾಯಿ ಇದ್ದರೆ ಹೊಲಿಗೆ ಬಿಚ್ಚುವ ತನಕ ಇಬ್ಬರನ್ನೂ ಒಟ್ಟಿಗೆ ಆಡಲು ಬಿಡಬೇಡಿ. ಈಜು, ನೀರಿನ ವ್ಯಾಯಾಮ ತುಂಬಾ ಒಳ್ಳೆಯದು, ಆದರೆ ಗಾಯ ಪೂರ್ತಿ ಮಾಯ್ದು ಡಾಕ್ಟರು ಹೂಂ ಅಂದ ಮೇಲೆ. ಕೃತಕ ಕಾಲಿನ ಬಗ್ಗೆ ಯಾರೋ ಚೀಟಿ ಕೊಟ್ಟಿದ್ದಾರೆ. ಸಾಮಾನ್ಯವಾಗಿ ಕಾಲನ್ನು ಬುಡದಿಂದಲೇ ತೆಗೆಯುತ್ತಾರೆ, ಮೋಟು ಬಿಟ್ಟರೆ ನೆಲಕ್ಕೆ ತಾಗಿ ಹುಣ್ಣಾಗುತ್ತದೆ. ಬುಡದಿಂದ ತೆಗೆದ ಮೇಲೆ ಕೃತಕ ಕಾಲು ಕೂರಿಸಲು ಆಗುವುದಿಲ್ಲ. ಬೇಕು ಅನಿಸಿದರೆ ಆಪರೇಷನ್‌ಗೆ ಮುಂಚೆಯೇ ಕೇಳಿ.

ಮೂಳೆ ಕ್ಯಾನ್ಸರ್ ಇರುವ ನಾಯಿಗಳ ಮನೆಯವರಿಗೆ ಒಂದು ಮಾತು. ಕಾಲು ಮಾತ್ರ ತೆಗೆದರೆ ಸಿಗುವ ಸಮಯ ಸಾಮಾನ್ಯವಾಗಿ 4–5 ತಿಂಗಳು, ಕೀಮೋ ಸೇರಿದರೆ 10–12 ತಿಂಗಳ ಹತ್ತಿರ. ಕೆಲವಕ್ಕೆ ಕಡಿಮೆ, ಕೆಲವಕ್ಕೆ ಇದಕ್ಕಿಂತ ಎಷ್ಟೋ ಜಾಸ್ತಿ. ಈ ಲೆಕ್ಕ ನಿಮಗೆ ಗೊತ್ತಿದೆ, ನಾಯಿಗೆ ಗೊತ್ತಿಲ್ಲ. ಅದಕ್ಕೇ ನನಗೆ ನೆಲದ ವಿಷಯದಲ್ಲಿ ಇಷ್ಟು ಹಟ. ನಾಲ್ಕೇ ತಿಂಗಳು ಇರುವ ನಾಯಿ ಅದರಲ್ಲಿ ಒಂದು ತಿಂಗಳನ್ನು ಜಾರುವ ಭಯಕ್ಕೆ ಮೂಲೆಯಲ್ಲಿ ಕೂತು ಕಳೆಯಬಾರದು.

ಟವೆಲ್ ಹಿಡಿಯುವುದು ಮಾತಿನಲ್ಲಿ ಹೇಳಿದರೆ ಅರ್ಥವಾಗುವುದಿಲ್ಲ. ಗಂಡು ನಾಯಿಗೆ ಎಲ್ಲಿ ಹಾಕಬೇಕು, ಹೊಲಿಗೆಗೆ ತಾಗದಂತೆ ಹೇಗೆ ಅಂತ ಕೈಯಲ್ಲೇ ತೋರಿಸಬೇಕು. ಇಲ್ಲಿ ಎರಡು ಟವೆಲ್ ತಂದಿದ್ದೇನೆ, ಮುಂದೆ ಕೂತಿರುವ ಈ ಹುಡುಗಿಯ ನಾಯಿ ಒಪ್ಪಿದರೆ ಅದರ ಮೇಲೇ ತೋರಿಸುತ್ತೇನೆ. ಅದು ಇಷ್ಟು ಹೊತ್ತು ನನ್ನ ಮಾತು ಕೇಳಿದ್ದೇ ದೊಡ್ಡದು. ಪ್ರಶ್ನೆ ಇರುವವರು ಅಲ್ಲೇ ಕೇಳಿ. ಬನ್ನಿ, ಸ್ವಲ್ಪ ಹತ್ತಿರ ಬನ್ನಿ.