ವಾಲಗದ ನಾಡಿನಲ್ಲಿ ಡ್ಯಾನ್ಸ್ ಪಾಪ್

ಕೇಳುಗರೆಲ್ಲರಿಗೂ ನಮಸ್ಕಾರ. ಸ್ವತಂತ್ರ ಕಲಾವಿದರ ಡ್ಯಾನ್ಸ್ ಪಾಪ್ ಸಂಗೀತವೆಂದರೆ ಅದು ಬೆಂಗಳೂರಿನ ಕ್ಲಬ್ಬುಗಳಿಗೆ ಸೇರಿದ್ದು, ಕೊಡಗಿನವರಾದ ನಮಗೂ ಅದಕ್ಕೂ ಸಂಬಂಧವಿಲ್ಲ ಎಂದು ನಮ್ಮ ಹಿರಿಯರಲ್ಲಿ ಅನೇಕರು ಭಾವಿಸುತ್ತಾರೆ. ವಿರಾಜಪೇಟೆಯ ಸಮೀಪದ ತೋಟವೊಂದರಲ್ಲಿ ಕಳೆದ ಬೇಸಿಗೆಯ ಆರಂಭದಲ್ಲಿ ನಡೆದ ಇಂಥ ಕಾರ್ಯಕ್ರಮವನ್ನು ಕೇಳಿ, ಮನಸಾರೆ ಕುಣಿದು ಬಂದ ಮೇಲೆ, ವಾಲಗಕ್ಕೆ ಹೆಜ್ಜೆ ಹಾಕುತ್ತಲೇ ಬೆಳೆದ ನಾಡಿಗೆ ಈ ಸಂಗೀತ ಪರಕೀಯವಲ್ಲವೆಂದು ನಾನು ಧೈರ್ಯವಾಗಿ ಹೇಳಬಲ್ಲೆ.

ರೊಬಸ್ಟಾ ಒಣಗಿಸಿ ಚೀಲ ತುಂಬುವ ಕೆಲಸ ಮುಗಿದಿದ್ದರಿಂದ ಕಾಫಿ ಕಣ ಖಾಲಿಯಾಗಿತ್ತು. ಅದೇ ಕುಣಿತದ ಅಂಗಳ, ಗೋದಾಮಿನ ಜಗಲಿಯೇ ವೇದಿಕೆ. ಕಾಫಿ ಹೂ ಅರಳಿಸುವ ಹೂಮಳೆ ಬಿದ್ದು ಕೆಲವೇ ದಿನಗಳಾಗಿದ್ದವು, ತೋಟವೆಲ್ಲ ಘಮಘಮಿಸುತ್ತಿತ್ತು. ಹಾಡುವವಳೊಬ್ಬಳು, ಬೇಸ್ ಗಿಟಾರಿನವನೊಬ್ಬ, ವಿದ್ಯುತ್ತಿನಿಂದ ನಾದ ಹುಟ್ಟಿಸುವ ಸಿಂಥಸೈಸರ್ ಮತ್ತು ತಾಳದ ಪೆಟ್ಟು ಕೊಡುವ ಡ್ರಮ್ ಯಂತ್ರ ನೋಡಿಕೊಳ್ಳುವವಳೊಬ್ಬಳು, ಹೀಗೆ ಮೂವರೇ ಕಲಾವಿದರು. ಸಾಮಾನು ಇಳಿಸಿದವರೂ ಅವರೇ, ತಂತಿ ಎಳೆದವರೂ ಅವರೇ.

ಈ ಸಂಗೀತದ ಜೀವಾಳ ಅದರ ಲಯದಲ್ಲಿದೆ. ನಾಲ್ಕು ಎಣಿಕೆಯ ಆವರ್ತದಲ್ಲಿ ಒಂದನ್ನೂ ಬಿಡದೆ ಪ್ರತಿ ಎಣಿಕೆಗೂ ದೊಡ್ಡ ಡ್ರಮ್ಮಿನ ಪೆಟ್ಟು ಬೀಳುತ್ತದೆ. ವೇಗ ನಿಮಿಷಕ್ಕೆ ಸುಮಾರು 120 ಪೆಟ್ಟು. 1970ರ ದಶಕದ ಡಿಸ್ಕೋದಿಂದ ಬಂದ ಈ ನಡೆಗೆ ಜಪಾನಿನ ರೋಲ್ಯಾಂಡ್ ಸಂಸ್ಥೆಯ ಟಿಆರ್-808, ಟಿಆರ್-909 ಎಂಬ ಡ್ರಮ್ ಯಂತ್ರಗಳು ಹೊಸ ನಾದ ಕೊಟ್ಟವು. 1983ರಲ್ಲಿ ಮ್ಯಾಂಚೆಸ್ಟರಿನ ನ್ಯೂ ಆರ್ಡರ್ ತಂಡ, ಫ್ಯಾಕ್ಟರಿ ಎಂಬ ಸಣ್ಣ ಸ್ವತಂತ್ರ ಸಂಸ್ಥೆಯ ಮೂಲಕ ‘ಬ್ಲೂ ಮಂಡೇ’ ಎಂಬ ಧ್ವನಿಮುದ್ರಿಕೆಯನ್ನು ಹೊರತಂದಾಗ, ದೊಡ್ಡ ಕಂಪನಿಗಳ ಹಂಗಿಲ್ಲದೆಯೂ ಜನರನ್ನು ಕುಣಿಸಬಹುದೆಂಬುದು ಲೋಕಕ್ಕೆಲ್ಲ ತಿಳಿಯಿತು.

ಆ ರಾತ್ರಿ ನನ್ನನ್ನು ಅತ್ಯಂತ ಹಿಡಿದಿಟ್ಟ ಕ್ಷಣವೊಂದಿದೆ. ಹಾಡಿನ ನಡುವೆ ಯಂತ್ರದ ಹುಡುಗಿ ದೊಡ್ಡ ಡ್ರಮ್ಮಿನ ಸದ್ದನ್ನು ಪೂರ್ತಿಯಾಗಿ ತೆಗೆದುಬಿಟ್ಟಳು. ಉಳಿದದ್ದು ಚಪ್ಪಾಳೆಯಂಥ ಒಂದು ಸಣ್ಣ ಸದ್ದು ಮತ್ತು ಹಾಡುವವಳ ಕಂಠ ಮಾತ್ರ. ಆವರ್ತದ ಮೇಲೆ ಆವರ್ತ ಉರುಳಿದರೂ ಪೆಟ್ಟು ಮರಳಲಿಲ್ಲ, ಕಣದಲ್ಲಿದ್ದವರ ಹೆಗಲುಗಳು ಮಾತ್ರ ಅದಿನ್ನೂ ಇದೆಯೆಂಬಂತೆ ಅಲುಗುತ್ತಲೇ ಇದ್ದವು. ಆಕೆ ಯಂತ್ರವನ್ನು ನೋಡುತ್ತಿರಲಿಲ್ಲ, ನಮ್ಮ ಕಾಲುಗಳನ್ನು ನೋಡುತ್ತಿದ್ದಳು. ಪೆಟ್ಟು ಮತ್ತೆ ಬಿದ್ದಾಗ ಇಡೀ ಕಣ ಒಮ್ಮೆಲೇ ಜಿಗಿಯಿತು. ನಮ್ಮ ಮದುವೆಗಳಲ್ಲಿ ವಾಲಗದವರೂ ಕುಣಿಯುವವರ ಕಾಲು ನೋಡಿಯೇ ಬಾರಿಸುತ್ತಾರಲ್ಲವೇ?

ಸದ್ದು ಜೋರಾಗಿತ್ತು, ನಿಜ. ಇಂಥ ಸ್ಥಳಗಳಲ್ಲಿ 15 ನಿಮಿಷಗಳ ಸರಾಸರಿ ಶಬ್ದಮಟ್ಟ 100 ಡೆಸಿಬೆಲ್ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿದೆ. ಸ್ಪೀಕರಿನ ಹತ್ತಿರ ನಿಲ್ಲುವ ಮಕ್ಕಳ ಕಿವಿಗೆ ಹತ್ತಿಯಲ್ಲ, ಸರಿಯಾದ ಇಯರ್‌ಪ್ಲಗ್ ಬೇಕು. ಧ್ವನಿವರ್ಧಕದ ನಿಯಮಕ್ಕೆ ತಲೆಬಾಗಿ ಹತ್ತು ಗಂಟೆಗೆ ಸರಿಯಾಗಿ ಕಾರ್ಯಕ್ರಮ ನಿಲ್ಲಿಸಿದ್ದು ನನಗೆ ಮೆಚ್ಚುಗೆಯಾಯಿತು.

ಆಮೇಲೆ, ಊರಿನ ವಾಲಗದ ಹಿರಿಯರೊಬ್ಬರು ಜಗಲಿ ಹತ್ತಿ, “ಇದರಲ್ಲಿ ನಮ್ಮ ಪೆಟ್ಟು ಬರುತ್ತದೆಯಾ ಮಗಳೇ?” ಎಂದು ಕೇಳಿದರು. “ಬಾರಿಸಿ ತೋರಿಸಿ ಅಜ್ಜಾ” ಎಂದಳು ಯಂತ್ರದ ಹುಡುಗಿ. ಅವರು ಮೇಜಿನ ಮೇಲೆ ಬೆರಳಲ್ಲಿ ಬಾರಿಸಿದ್ದು ಯಂತ್ರ ಒಂದು ಆವರ್ತವನ್ನು ಭಾಗ ಮಾಡುವ ಹದಿನಾರು ಮನೆಗಳಲ್ಲಿ ಕೂರಲಿಲ್ಲ. ಮನೆಗಳನ್ನು ಹನ್ನೆರಡಕ್ಕೆ ಇಳಿಸಿ ಮತ್ತೆ ಕೂಡಿಸಿದಾಗ ಹೆಡ್‌ಫೋನ್ ಹಾಕಿಕೊಂಡಿದ್ದ ಅಜ್ಜನ ತಲೆ ತೂಗತೊಡಗಿತು. ಮುಂದಿನ ಬೇಸಿಗೆಯಲ್ಲಿ ಈ ಮೂವರ ಜೊತೆಗೆ ವಾಲಗದವರನ್ನೂ ಅದೇ ಕಣಕ್ಕೆ ಕರೆಸಬೇಕೆಂದು ನಾನು ತೋಟದವರನ್ನು ಕೇಳಿಕೊಂಡಿದ್ದೇನೆ. ನನ್ನ ಟಿಕೆಟ್ಟಿನ ಹಣವನ್ನು ಈಗಲೇ ಕೊಡಲು ಸಿದ್ಧನಿದ್ದೇನೆ. ನಮಸ್ಕಾರ.